ಟಿವಿ ಮನೆಯಲ್ಲೇ ಇದೆ, ಫೋನಿಗೆ ಮಾತ್ರ ಕಾಣಲ್ಲ

ಪ್ರಶ್ನೆ: ಕೆಳಗೆ ಹಾಲ್‌ನಲ್ಲಿ ಫೈಬರ್ ಕಂಪನಿಯವರು ಕೊಟ್ಟ ವೈಫೈ ಡಬ್ಬ ಇದೆ. ಮಹಡಿಗೆ ಸಿಗ್ನಲ್ ಸಾಲದೆ ಇನ್ನೊಂದು ರೂಟರ್ ಹಾಕಿದೆವು. ಈಗ ಮೇಲಿಂದ ಹಾಲ್‌ನ ಟಿವಿಗೆ ಕಾಸ್ಟ್ ಮಾಡಲು (ಫೋನಿನ ವಿಡಿಯೊ ಟಿವಿಯಲ್ಲಿ ಹಾಕಲು) ಹೋದರೆ ಟಿವಿ ಹೆಸರೇ ಬರುವುದಿಲ್ಲ. ಯಾರೋ ಮಲ್ಟಿಕಾಸ್ಟ್ ಆನ್ ಮಾಡಿ ಅಂದರು. ಐಜಿಎಂಪಿ ಸ್ನೂಪಿಂಗ್, ಐಜಿಎಂಪಿ ಪ್ರಾಕ್ಸಿ ಎರಡೂ ಆನ್ ಮಾಡಿದೆ, ಏನೂ ಆಗಲಿಲ್ಲ.
– ಓದುಗರೊಬ್ಬರು, ತುಮಕೂರು

ಉತ್ತರ: ಮಲ್ಟಿಕಾಸ್ಟ್ ಅಂದರೆ ಒಂದೇ ಸಂದೇಶವನ್ನು ಒಂದು ಗುಂಪಿಗೆ ಕಳಿಸುವುದು, ಐಜಿಎಂಪಿ ಅಂದರೆ ಸಾಧನಗಳು ಆ ಗುಂಪಿಗೆ ಸೇರುವ ಪದ್ಧತಿ. ಆನ್ ಮಾಡಿದ್ದು ತಪ್ಪಲ್ಲ, ಆದರೆ ತೊಂದರೆ ಅಲ್ಲಿಲ್ಲ ಅನಿಸುತ್ತದೆ. ಫೋನಿನ ಐಪಿ ವಿಳಾಸ ನೋಡಿ, ಟಿವಿಯದ್ದೂ ನೋಡಿ. ಒಂದು 192.168.0 ಅಂತಲೂ ಇನ್ನೊಂದು 192.168.1 ಅಂತಲೂ ಶುರುವಾಗಿದ್ದರೆ ನಿಮ್ಮ ಮನೆಯಲ್ಲಿ ಎರಡು ನೆಟ್‌ವರ್ಕ್ ಇವೆ ಅಂತ ಅರ್ಥ.

ಕಾಸ್ಟ್ ಒತ್ತಿದಾಗ ಫೋನಿಗೆ ಟಿವಿಯ ವಿಳಾಸ ಗೊತ್ತಿರುವುದಿಲ್ಲ ಅಲ್ವಾ, ಹಾಗಾಗಿ ಅದು 224.0.0.251ಕ್ಕೆ ‘ಇಲ್ಲಿ ಟಿವಿ ಯಾರಾದ್ರೂ ಇದ್ದೀರಾ’ ಅಂತ ಒಂದು ಕೂಗು ಹಾಕುತ್ತದೆ. ಇದು ಒಂದು ಸಾಧನದ ವಿಳಾಸ ಅಲ್ಲ, ಗುಂಪಿನ ವಿಳಾಸ. 224ರಿಂದ 239ರವರೆಗಿನ ಅಂಕಿಯಲ್ಲಿ ಶುರುವಾಗುವುದೆಲ್ಲ ಹೀಗೇ. ಅದರಲ್ಲೂ 224.0.0 ಅಂತ ಶುರುವಾಗುವ ಕೂಗನ್ನು ಯಾವ ರೂಟರೂ ಆಚೆ ದಾಟಿಸಬಾರದು ಅಂತಲೇ ನಿಯಮ. ನಿಮ್ಮ ಮಹಡಿಯ ರೂಟರ್ ಪಾಪ, ನಿಯಮ ಪಾಲಿಸುತ್ತಿದೆ ಅಷ್ಟೇ.

ಆ ರೂಟರಿನ ಸೆಟ್ಟಿಂಗ್‌ನಲ್ಲಿ ಆಪರೇಷನ್ ಮೋಡ್ ಹುಡುಕಿ ಆಕ್ಸೆಸ್ ಪಾಯಿಂಟ್ (ತನ್ನದೇ ನೆಟ್‌ವರ್ಕ್ ಮಾಡದೆ ಇರುವುದನ್ನೇ ಹಂಚುವುದು) ಅಂತ ಬದಲಿಸಿ, ಫೋನಿನ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಈಗ ಎರಡೂ ಡಬ್ಬ ಸೇರಿ ಒಂದೇ ನೆಟ್‌ವರ್ಕ್. ಆಗಲೂ ಟಿವಿ ಕಾಣದಿದ್ದರೆ ಗೆಸ್ಟ್ ವೈಫೈಗೆ ಸೇರಿದ್ದೀರಾ, ಎಪಿ ಐಸೊಲೇಷನ್ (ವೈಫೈ ಸಾಧನಗಳು ಒಂದಕ್ಕೊಂದು ಕಾಣದಂತೆ ಮಾಡುವ ಸೆಟ್ಟಿಂಗ್) ಆನ್ ಇದೆಯಾ ನೋಡಿ.

ಪ್ರಾಕ್ಸಿ ಅಂದರೆ ಗುಂಪಿಗೆ ಸೇರುವ ಕೋರಿಕೆಯನ್ನು ಕಂಪನಿಯ ಕಡೆಗೆ ದಾಟಿಸುವುದು. ಅದು ಬೇಕಾಗುವುದು ಕಂಪನಿಯವರು ಟಿವಿ ಚಾನೆಲ್‌ಗಳನ್ನು ಮಲ್ಟಿಕಾಸ್ಟ್‌ನಲ್ಲಿ ಕಳಿಸಿದರೆ ಮಾತ್ರ. ಯೂಟ್ಯೂಬ್‌ಗೆ ಬೇಡ, ಆಫ್ ಮಾಡಿ. ಸ್ನೂಪಿಂಗ್ ಬೇರೆ: ಯಾವ ಗುಂಪಿಗೆ ಯಾರು ಸೇರಿದ್ದಾರೆ ಅಂತ ನೆನಪಿಟ್ಟು, ಕೇಳಿದವರಿಗಷ್ಟೇ ಬಡಿಸುತ್ತದೆ. ವೈಫೈಯಲ್ಲಿ ಮಲ್ಟಿಕಾಸ್ಟ್ ಸಾಮಾನ್ಯವಾಗಿ ನಿಧಾನ ವೇಗದಲ್ಲೇ ಹೋಗುವುದರಿಂದ ಈ ಉಳಿತಾಯ ಒಳ್ಳೆಯದೇ. ಆದರೆ ‘ಯಾರ್ಯಾರು ಇದ್ದೀರಿ’ ಅಂತ ಆಗಾಗ ಕೇಳುವವರು ಯಾರೂ ಇಲ್ಲದಿದ್ದರೆ ಆ ನೆನಪು ಸಾಮಾನ್ಯವಾಗಿ 260 ಸೆಕೆಂಡಿಗೆ ಅಳಿಸಿಹೋಗುತ್ತದೆ, ಆಮೇಲೆ ಕೂಗು ಆ ಸಾಧನಕ್ಕೆ ತಲುಪುವುದಿಲ್ಲ. ನಮ್ಮ ಮನೆಯಲ್ಲಿ ಸಿನಿಮಾ ತುಂಬಿಟ್ಟ ನೆಟ್‌ವರ್ಕ್ ಹಾರ್ಡ್ ಡಿಸ್ಕ್ ಆನ್ ಮಾಡಿದ ನಾಲ್ಕೈದು ನಿಮಿಷ ಟಿವಿಯಲ್ಲಿ ಹುಡುಕಿದರೆ ಸಿಗುತ್ತಿತ್ತು, ಆಮೇಲೆ ಮಾಯ. ಒಂದು ವಾರ ಸುಮ್ನೆ ಕೇಬಲ್ ಬದಲಿಸುತ್ತಾ ಕೂತಿದ್ದೆ. ಕೊನೆಗೆ ಸ್ನೂಪಿಂಗ್ ಆಫ್ ಮಾಡಿದೆ, ಅವತ್ತಿಂದ ಮಾಯ ಆಗಿಲ್ಲ.