ಆರಾಳಿನ ಕೆಲಸ ಅಂದ್ರೆ ಆರು ಜನ ಬರ್ತಾರೆ ಅಂತಲ್ಲ

ನಿಮ್ಮ ಪೋಸ್ಟ್ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಹತ್ತು ವರ್ಷದ ಹಿಂದೆ ನಾನೂ ಇದೇ ಗೊಂದಲದಲ್ಲಿದ್ದೆ. ಬೆಂಗಳೂರು ಬಿಟ್ಟು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಎರಡು ಎಕರೆ ತಗೊಂಡಿದ್ದೀರಿ. ಬೇಲಿ ಕೆಲಸಕ್ಕೆ ಪಕ್ಕದ ಮನೆಯವರನ್ನು ಕೇಳಿದಾಗ ಅವರು, "ಅದು ಆರಾಳಿನ ಕೆಲಸ. ಈಗ ಜನ ಇಲ್ಲ, ಮುಯ್ಯಾಳಾದರೆ ನೋಡೋಣ, ಇಲ್ಲಾಂದ್ರೆ ಗುತ್ತಿಗೆ ಕೊಟ್ಟುಬಿಡಿ" ಅಂದರು. ನೀವು ಆರು ಜನಕ್ಕೆ ಅಡುಗೆ ಮಾಡಿಸಿ ಕಾದಿರಿ, ಬಂದವರು ಇಬ್ಬರೇ. ಅವರು ಮೋಸ ಮಾಡಿಲ್ಲ. ಆ ಇಬ್ಬರು ಮೂರು ದಿನ ಬಂದರೆ ಆರಾಳು ಆಯ್ತು.

ಇಲ್ಲಿ 'ಆಳು' ಅನ್ನೋದು ಅಳತೆ. ಒಬ್ಬರ ಒಂದು ದಿನದ ದುಡಿಮೆ ಅಂದ್ರೆ ಒಂದಾಳು. ಉದ್ಯೋಗ ಖಾತ್ರಿಯ ಕಾಗದಗಳಲ್ಲಿ 'ಮಾನವ ದಿನ' ಅಂತ ಬರೀತಾರಲ್ಲ, ಅದೇ ಇದು. ಲೆಕ್ಕ ಹೀಗೆ ಹಾಕಿ. ಒಂಬತ್ತು ಅಡಿ ಅಂತರದಲ್ಲಿ ಅಡಿಕೆ ಹಾಕಿದರೆ ಎಕರೆಗೆ ಸುಮಾರು 540 ಗಿಡ. ಒಬ್ಬರು ದಿನಕ್ಕೆ 20 ಗುಂಡಿ ತೆಗೀತಾರೆ ಅಂತಿಟ್ಟುಕೊಳ್ಳಿ, 27 ಆಳು. ಮೂರು ಜನ ಸಿಕ್ಕರೆ ಒಂಬತ್ತು ದಿನ. ಮಧ್ಯಾಹ್ನ ಮಳೆ ಬಂದು ಕೆಲಸ ಬಿಟ್ಟು ಎದ್ದರೆ ಅರ್ಧ ಆಳು. ಕಾಲಾಳು ಅಂತ ಮಾತ್ರ ಹೇಳಬೇಡಿ, ಅದು ಸೈನಿಕ! ಇನ್ನೊಂದು, "ಆಳುದ್ದ ಗುಂಡಿ" ಅಂದಾಗ ಅಲ್ಲಿ ಆಳು ಅಂದ್ರೆ ಎತ್ತರ, ಕೂಲಿ ಲೆಕ್ಕ ಅಲ್ಲ.

'ಜನ ಇಲ್ಲ' ಅನ್ನೋದಕ್ಕೂ ಇಲ್ಲಿ ಬೇರೆಯೇ ಅರ್ಥ. ಮನೆ ತುಂಬ ನೆಂಟರಿದ್ದರೂ "ಜನ ಇಲ್ಲ ಮಾರಾಯ್ರೆ" ಅಂತಾರೆ, ಅಂದ್ರೆ ಕೆಲಸಕ್ಕೆ ಬರುವವರಿಲ್ಲ. "ನಾಳೆ ನಮ್ಮನೇಲಿ ಜನ ಇದ್ದಾರೆ" ಅಂದರೆ ಕೆಲಸದವರು ಬರ್ತಾರೆ ಅಂತ. ನಾಳೆ ಆ ಮನೆಯವರು ಎಲ್ಲಿಗೂ ಬರೋದಿಲ್ಲ, ಮದುವೆಗೆ ಕರೆದರೂ. ಹುಬ್ಬಳ್ಳಿ ಕಡೆಯ ಗೆಳೆಯರು ಇದನ್ನೇ "ಮಂದಿ ಸಿಗೂದಿಲ್ಲ" ಅಂತಾರೆ.

ಈಗ ಮುಯ್ಯಾಳು. ಇದರಲ್ಲಿ ನಾನು ಚೆನ್ನಾಗಿ ಎಡವಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. ಮುಯ್ಯಿ ಅಂದ್ರೆ ಕೊಟ್ಟದ್ದನ್ನು ತಿರುಗಿ ಕೊಡೋದು. ನಿಮ್ಮ ನಾಟಿಗೆ ಅವರ ಮನೆಯಿಂದ ಇಬ್ಬರು ಒಂದು ದಿನ ಬಂದರೆ, ಅವರ ನಾಟಿಗೆ ನಿಮ್ಮ ಮನೆಯಿಂದ ಎರಡಾಳು ಹೋಗಬೇಕು. ದುಡ್ಡಿನ ಮಾತೇ ಇಲ್ಲ. ಮೊದಲ ವರ್ಷ ನನಗಿದು ತಿಳಿಯದೆ ಸಂಜೆ ಪಕ್ಕದ ಮನೆಯವರ ಕೈಗೆ ಕೂಲಿ ಕೊಡಲು ಹೋದೆ. ಅವರು ನಗ್ತಾನೇ ದುಡ್ಡನ್ನು ಜಗುಲಿ ಮೇಲೆ ಇಟ್ಟು ಹೋದರು. ಅಲ್ಲಿಗೂ ನನಗೆ ಬುದ್ಧಿ ಬರಲಿಲ್ಲ. ಅವರ ನಾಟಿಯ ದಿನ ಶಿವಮೊಗ್ಗಕ್ಕೆ ಹೋಗಿಬಿಟ್ಟೆ. ಅವರು ಜಗಳ ಮಾಡಲಿಲ್ಲ, ಮುಂದಿನ ವರ್ಷ ಸುಮ್ನೆ ಬರಲಿಲ್ಲ, ಅಷ್ಟೇ. ಮತ್ತೆ ಬರೋ ಹಾಗಾಗಲು ಎರಡು ವರ್ಷ ಬೇಕಾಯ್ತು. ನಿಮಗೆ ನಾಟಿ ಬರದಿದ್ದರೂ ಪರವಾಗಿಲ್ಲ, ಸಸಿ ಹೊತ್ತು ಹಾಕಿ. ಹೋಗಲೇ ಆಗದಿದ್ದರೆ ಮೊದಲೇ ಹೇಳಿ, ಅವರು ಒಪ್ಪಿದರೆ ನಿಮ್ಮ ಬದಲು ಕೂಲಿಯವರನ್ನು ಕಳಿಸಿ.

ಗುತ್ತಿಗೆಯಲ್ಲಿ ಜನ ಎಷ್ಟು, ದಿನ ಎಷ್ಟು ಅನ್ನೋದು ನಿಮಗೆ ಸಂಬಂಧಪಡದ್ದು. ಇಷ್ಟು ಕೆಲಸಕ್ಕೆ ಇಷ್ಟು ದುಡ್ಡು. ಎಣಿಸಬಹುದಾದ, ಅಳೆಯಬಹುದಾದ ಕೆಲಸಕ್ಕೆ ಅದು ಸರಿ. ನಾನು ಒಮ್ಮೆ ಗುಂಡಿಯನ್ನು ಗುತ್ತಿಗೆಗೆ ಕೊಟ್ಟು ಅಳತೆ ಹೇಳಲು ಮರೆತೆ. ದಾರಿ ಬದಿಯ ಗುಂಡಿಗಳು ಮೊಣಕಾಲುದ್ದ, ಒಳಗಿನವು ಗೇಣುದ್ದ! ತಪ್ಪು ನನ್ನದೇ. ಒಂದು ಕೋಲಿಗೆ ಗುರುತು ಹಾಕಿ ಅವರ ಕೈಗೇ ಕೊಡಿ. ನಿಮ್ಮ ಬೇಲಿಯನ್ನೂ ಕಂಬದ ಲೆಕ್ಕದಲ್ಲಿ ಗುತ್ತಿಗೆ ಕೊಡೋದು ಒಳ್ಳೇದು ಅಂತ ನನ್ನ ಅಭಿಪ್ರಾಯ. ಕಳೆ ಸವರುವುದು, ಗಿಡದ ಬುಡ ಬಿಡಿಸೋದು ಇಂಥದ್ದಕ್ಕೆಲ್ಲ ದಿನಗೂಲಿಯೇ ಸರಿ, ಅವಸರ ಮಾಡಿದರೆ ಬೇರು ಹೋಗುತ್ತದೆ.

ಕೊನೆಗಾರರನ್ನು ಈ ಯಾವ ಲೆಕ್ಕಕ್ಕೂ ಸೇರಿಸಬೇಡಿ. ಮರದ ತುದಿಯಿಂದಲೇ ಪಕ್ಕದ ಮರಕ್ಕೆ ದಾಟಿ ಕೊನೆ, ಅಂದ್ರೆ ಅಡಿಕೆ ಗೊನೆ, ಕೊಯ್ಯುವವರ ದರವೇ ಬೇರೆ. ಅವರ ಜೊತೆ ಕೆಳಗೆ ಹಗ್ಗ ಹಿಡಿಯಲು ಒಬ್ಬರು, ಉದುರಿದ್ದು ಹೆಕ್ಕಲು ಒಬ್ಬರು ಬೇಕು, ಅವರ ಆಳು ಲೆಕ್ಕವನ್ನು ಬೇರೆ ಇಡಿ. "ಆಳು ಮಾಡಿದ್ದು ಹಾಳು" ಅಂತ ಗಾದೆ ಹೇಳುವವರು ಒಮ್ಮೆ ಮರ ಹತ್ತಿ ನೋಡಲಿ.

ಗಂಡಾಳು, ಹೆಣ್ಣಾಳು ಅಂತ ಎರಡು ದರ ಹೇಳ್ತಾರೆ. ಒಂದೇ ಕೆಲಸಕ್ಕೆ ಹೆಂಗಸರಿಗೆ ಕಡಿಮೆ ಕೊಡಬಾರದು ಅಂತ 1976ರಲ್ಲೇ ಕಾನೂನು ಬಂದಿದೆ. ನಾನು ಸಸಿ ನೆಡೋದಕ್ಕೆ ಇಬ್ಬರಿಗೂ ಒಂದೇ ದರ ಕೊಡ್ತೀನಿ. ಊರಲ್ಲಿ ಒಂದಿಬ್ಬರು ಗೊಣಗಿದರು, ಆದರೆ ನನಗೆ ಈಗ ಜನ ಸಿಗೋದು ಸುಲಭ. ಮುಂಗಡದ ವಿಷಯದಲ್ಲೂ ಹುಷಾರು. ಕಷ್ಟಕ್ಕೆ ಕೊಡಿ, ಆದರೆ "ಸಾಲ ತೀರೋವರೆಗೆ ನಮ್ಮಲ್ಲೇ ಬರಬೇಕು" ಅನ್ನಬೇಡಿ. ಅದಕ್ಕೇ ಜೀತ ಅನ್ನೋದು, ಅದನ್ನು ರದ್ದು ಮಾಡಿದ ಕಾಯ್ದೆಯೂ 1976ರದ್ದೇ.

ಇನ್ನು ಮಾತಿನ ವಿಷಯ. ಲೆಕ್ಕದ ಪುಸ್ತಕದಲ್ಲಿ ಆಳು ಅಂತ ಬರೆಯಿರಿ, ಎದುರಿಗೆ ಅನ್ನಬೇಡಿ. "ನಿಮ್ಮ ಆಳು ಎಲ್ಲಿ?" ಅಂತ ಅವರ ಮುಂದೆಯೇ ಕೇಳಿದ ಪೇಟೆ ನೆಂಟರಿಂದ ನಾನು ತಲೆ ತಗ್ಗಿಸಿದ್ದೇನೆ. ಕೆಲಸದವರು ಅನ್ನಿ. ಹೆಸರು ಗೊತ್ತಿದ್ದರೆ ಹೆಸರಿನ ಜೊತೆ ಅಣ್ಣ, ಅಕ್ಕ ಸೇರಿಸಿ.

ಸದ್ಯಕ್ಕೆ ಪಕ್ಕದ ಮನೆಗೆ ಹೋಗಿ, "ಬೇಲಿ ಗುತ್ತಿಗೆಗೆ ಕೊಡ್ತೀನಿ, ನಾಟಿಗೆ ಮಾತ್ರ ಮುಯ್ಯಿಗೆ ಬರ್ತೀನಿ" ಅಂತ ಹೇಳಿ. ಹಾಗೇ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯಲು ಮರ ಹತ್ತುವವರನ್ನು ಈಗಲೇ ಕೇಳಿಟ್ಟುಕೊಳ್ಳಿ. ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೂರು ಲೀಟರ್ ನೀರು, ಇದನ್ನು ನೀವೇ ಕಲಸಬಹುದು. ಹತ್ತುವವರು ಮಾತ್ರ ಮಳೆ ಹಿಡಿದ ಮೇಲೆ ಕರೆದರೆ ಸಿಗೋದಿಲ್ಲ.