ರಾಜ್ಯ ಗೆದ್ದರೂ ಕೈತಪ್ಪುವ ಪ್ರತಿನಿಧಿಗಳು

ಪ್ರಶ್ನೆ: 2008ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ (ಅಮೆರಿಕದ ಅಧ್ಯಕ್ಷ ಹುದ್ದೆಗೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನ) ಹಿಲರಿ ಕ್ಲಿಂಟನ್ ದೊಡ್ಡ ರಾಜ್ಯಗಳನ್ನೇ ಗೆದ್ದರೂ ಒಬಾಮ ಮುಂದಾದದ್ದು ಹೇಗೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅಭ್ಯರ್ಥಿಯನ್ನು ಕೊನೆಗೆ ಆರಿಸುವವರು ರಾಜ್ಯಗಳಿಂದ ಪಕ್ಷದ ಸಮಾವೇಶಕ್ಕೆ ಹೋಗುವ ಪ್ರತಿನಿಧಿಗಳು. ಆ ಪಕ್ಷದಲ್ಲಿ ರಾಜ್ಯ ಗೆದ್ದವರಿಗೆ ಈ ಪ್ರತಿನಿಧಿಗಳೆಲ್ಲ ಇಡಿಯಾಗಿ ಸಿಗುವುದಿಲ್ಲ. ಶೇ 15ರ ಗಡಿ ಮುಟ್ಟಿದವರಿಗೆಲ್ಲ ಮತಕ್ಕೆ ತಕ್ಕ ಪಾಲು. ಅದರಲ್ಲೂ ಬಹುಪಾಲು ಹಂಚಿಕೆ ಕ್ಷೇತ್ರವಾರು ನಡೆಯುತ್ತದೆ. ಆಟವಿರುವುದೇ ಇಲ್ಲಿ. ಕಣದಲ್ಲಿ ಇಬ್ಬರೇ ಇದ್ದು, ಕ್ಷೇತ್ರಕ್ಕೆ 4 ಪ್ರತಿನಿಧಿಗಳಿದ್ದರೆ ಶೇ 60 ಮತ ಬಂದರೂ 2–2. ಮೂರನೆಯ ಪ್ರತಿನಿಧಿ ಸಿಗಬೇಕಾದರೆ ಶೇ 62.5 ದಾಟಬೇಕು. 3 ಪ್ರತಿನಿಧಿಗಳ ಕ್ಷೇತ್ರದಲ್ಲಾದರೋ ಕೂದಲೆಳೆಯ ಮುನ್ನಡೆಗೂ 2–1. ಹಾಗಾಗಿ ಹಣ, ಕಾರ್ಯಕರ್ತರನ್ನು ಬೆಸಸಂಖ್ಯೆಯ ಕ್ಷೇತ್ರಗಳಿಗೆ ಸುರಿಯುವುದೇ ಜಾಣತನ.

ಹಲವು ರಾಜ್ಯಗಳು ಒಂದೇ ದಿನ ಮತ ಹಾಕಿದ ಫೆಬ್ರುವರಿ 5ರ ಲೆಕ್ಕ ನೋಡಿ. ಹತ್ತು ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದ ನ್ಯೂಜೆರ್ಸಿಯಲ್ಲಿ ಕ್ಲಿಂಟನ್‌ಗೆ 59, ಒಬಾಮಗೆ 48: ನಿವ್ವಳ ಲಾಭ 11. ಸುಮಾರು 21 ಸಾವಿರ ಜನ ಸೇರಿದ ಐಡಾಹೊ ಕಾಕಸ್‌ನಲ್ಲಿ ಒಬಾಮಗೆ 15, ಕ್ಲಿಂಟನ್‌ಗೆ 3: ಲಾಭ 12! ಕಾಕಸ್ ಎಂದರೆ ನಿಗದಿತ ಹೊತ್ತಿಗೆ ಬಂದು ಕೂತು ಬೆಂಬಲ ಸೂಚಿಸುವ ಸಭೆ. ಮನೆಮನೆಗೆ ಹೋಗಿ ಜನರನ್ನು ಕರೆತರುವವರಿಲ್ಲದಿದ್ದರೆ ಜಾಹೀರಾತಿನಿಂದ ಏನೂ ಆಗದು. ಕ್ಲಿಂಟನ್ ಪಾಳಯ ಇಂಥ ಕಾಕಸ್ ರಾಜ್ಯಗಳನ್ನು ಕಡೆಗಣಿಸಿದ್ದು ದೊಡ್ಡ ತಪ್ಪು. ಫೆಬ್ರುವರಿ 5ಕ್ಕೇ ಸ್ಪರ್ಧೆ ಮುಗಿಯುತ್ತದೆಂದು ನಂಬಿದ್ದರಿಂದ ಮುಂದಿನ ರಾಜ್ಯಗಳಿಗೆ ತಯಾರಿಯೂ ಸಾಲಲಿಲ್ಲ. ಕ್ಲಿಂಟನ್ ಆ ತಿಂಗಳು ಮತ್ತೆಲ್ಲೂ ಗೆಲ್ಲಲಿಲ್ಲ. ಮಾರ್ಚ್ 4ರಂದು ‘ಟೆಕ್ಸಸ್ ಕ್ಲಿಂಟನ್‌ಗೆ’ ಎಂದು ಟಿವಿಗಳು ಸಾರಿದವು. ಮತದಾನದಲ್ಲಿ ಅದು ನಿಜ. ಆದರೆ ಅದೇ ರಾತ್ರಿ ಶುರುವಾದ ಕಾಕಸ್‌ನದ್ದೂ ಸೇರಿಸಿದರೆ ಒಬಾಮಗೆ 99 ಪ್ರತಿನಿಧಿಗಳು, ಕ್ಲಿಂಟನ್‌ಗೆ 94.

ಪ್ರಶ್ನೆ: ಹಾಗಿದ್ದರೆ ಮಾಧ್ಯಮಗಳ ಘೋಷಣೆಗೆ ಬೆಲೆಯಿಲ್ಲವೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಇದೆ, ಬೇಕಾದದ್ದಕ್ಕಿಂತ ಹೆಚ್ಚೇ ಇದೆ. ದೇಣಿಗೆ ಹರಿದುಬರುವುದು ಆ ರಾತ್ರಿಯ ಸುದ್ದಿಯ ಬೆನ್ನಿಗೆ. 1972ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ನ್ಯೂಹ್ಯಾಂಪ್‌ಷೈರ್ ಗೆದ್ದ ಎಡ್ಮಂಡ್ ಮಸ್ಕಿಗೆ ಸುಮಾರು ಶೇ 46, ಎರಡನೆಯವರಾದ ಮೆಕ್‌ಗವರ್ನ್‌ಗೆ ಶೇ 37. ಪಕ್ಕದ ಮೇಯ್ನ್ ರಾಜ್ಯದವರಾದ ಮಸ್ಕಿಗೆ ಅರ್ಧಕ್ಕಿಂತ ಹೆಚ್ಚು ಮತ ಬರಬೇಕಿತ್ತೆಂದು ಪತ್ರಿಕೆಗಳು ಆ ಗೆಲುವನ್ನೇ ಹಿನ್ನಡೆ ಎಂದು ಬರೆದವು. ಅದಕ್ಕೇ ಪ್ರಚಾರ ತಂಡಗಳು ಮತದಾನಕ್ಕೆ ಮೊದಲು ತಮ್ಮ ನಿರೀಕ್ಷೆಯನ್ನು ಬೇಕೆಂದೇ ತಗ್ಗಿಸಿ ಹೇಳುವುದು.

2012ರ ಜನವರಿ 3ರ ಅಯೋವಾ ಕಾಕಸ್‌ನಲ್ಲಿ ರಿಪಬ್ಲಿಕನ್ ಮಿಟ್ ರಾಮ್ನಿ 8 ಮತಗಳಿಂದ ಗೆದ್ದರೆಂದು ಸುದ್ದಿಯಾಯಿತು. ಎರಡು ವಾರ ಕಳೆದು ಬಂದ ಅಂತಿಮ ಲೆಕ್ಕದಲ್ಲಿ ರಿಕ್ ಸ್ಯಾಂಟೋರಮ್ 34 ಮತ ಮುಂದಿದ್ದರು. ಅಷ್ಟರಲ್ಲಿ ನ್ಯೂಹ್ಯಾಂಪ್‌ಷೈರ್ ಮುಗಿದು, ಗೆದ್ದವರೆಂಬ ಹೆಸರಿನ ಲಾಭವನ್ನೆಲ್ಲ ರಾಮ್ನಿ ಪಡೆದಾಗಿತ್ತು.