ಭಾರ ಹೊತ್ತು ಗುಡ್ಡ ಹತ್ತಿದರೆ ಕೈ ಜೋಮು ಹಿಡಿಯುವುದೇಕೆ?

58 ಕೆ.ಜಿ. ತೂಕದ ನಿಮ್ಮ ತಮ್ಮ ಸೇನಾ ಭರ್ತಿಗೆಂದು ಶಾಲಾ ಬ್ಯಾಗಿನಲ್ಲಿ 20 ಕೆ.ಜಿ. ಅಕ್ಕಿ ಹೊತ್ತು ಪೊಸಡಿಗುಂಪೆ ಗುಡ್ಡ ಹತ್ತುತ್ತಾನೆ, ಎಡಗೈ ಜೋಮು ಹಿಡಿಯುತ್ತದೆ ಎಂದಿರಿ. ಮೊದಲು ಅದನ್ನು ನಿಲ್ಲಿಸಿ. ರ‍್ಯಾಲಿಯಲ್ಲಿ ಓಡಬೇಕಾದ್ದು 1.6 ಕಿ.ಮೀ., ಅದೂ ಬೆನ್ನಿಗೆ ಭಾರವಿಲ್ಲದೆ. ಮೂಟೆ ಹೊರುವ ಪರೀಕ್ಷೆ ಇಲ್ಲವೇ ಇಲ್ಲ.

ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳ ಗೊಂಚಲನ್ನು ಬ್ಯಾಗಿನ ತೆಳು ಪಟ್ಟಿ ಒತ್ತುತ್ತಿರಬೇಕು. ಸೈನಿಕರಿಗೆ ಇದು ಹಳೆಯ ಕಾಟ. ಹಾಗೇ ಮುಂದುವರಿಸಿದರೆ ತೋಳು ಎತ್ತಲಾಗದೆ, ಹೆಗಲಿನ ಹಲಗೆಮೂಳೆ ರೆಕ್ಕೆಯಂತೆ ಚಾಚುವುದೂ ಉಂಟು. ಅಂಗಿ ಬಿಚ್ಚಿ ಎರಡೂ ಅಂಗೈಯಿಂದ ಗೋಡೆ ತಳ್ಳಲಿ, ನೀವು ಹಿಂದಿನಿಂದ ನೋಡಿ. ಒಂದು ಬದಿ ಎದ್ದು ಕಂಡರೆ, ಅಥವಾ ಎರಡು ದಿನವಾದರೂ ಜೋಮು ಇಳಿಯದಿದ್ದರೆ ವೈದ್ಯರಿಗೆ ತೋರಿಸಿ.

ಬೆನ್ನಿಗೆ ಭಾರ ಬಿದ್ದರೆ ಮೈ ಮುಂದೆ ಬಾಗುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ. ಇಳಿಯುವಾಗ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯುವೇ ಬ್ರೇಕ್. ಮುರಕಲ್ಲಿನ ಹರಳಿನ ಮೇಲಂತೂ ಮೊಣಕಾಲಿಗೆ ಏಟು ಬೀಳುವುದು ಹತ್ತುವಾಗಿನದಕ್ಕಿಂತ ಇಳಿಯುವಾಗಲೇ ಜಾಸ್ತಿ. ಕಣಕಾಲಿನ ಮೂಳೆಯಲ್ಲಿ ಬೆರಳಿಟ್ಟು ತೋರಿಸುವಂಥ ಒಂದೇ ಜಾಗದ ನೋವು ಬಂದರೆ ಕೂದಲೆಳೆ ಬಿರುಕಿನ ಗುಮಾನಿ. ಮುಲಾಮು ತಿಕ್ಕಿ ನಡೆಯಬಾರದು.

ಮುಂದೆ ಹೊರಲೇಬೇಕೆಂದರೆ ಸೊಂಟಪಟ್ಟಿ ಇರುವ ಚೀಲ ಬೇಕು. ಪಟ್ಟಿ ಕೂರಬೇಕಾದ್ದು ಸೊಂಟದ ಮೂಳೆಯ ಮೇಲೆ, ಹೊಟ್ಟೆಯ ಮೇಲಲ್ಲ. 6 ಕೆ.ಜಿ., ವಾರಕ್ಕೊಮ್ಮೆ, ಸಮತಟ್ಟು ದಾರಿ, ಇಷ್ಟರಿಂದ ಶುರು. ಅಕ್ಕಿ ಸಡಿಲವಾಗಿದ್ದರೆ ತಳಕ್ಕೆ ಜಾರಿ ಚೀಲವನ್ನು ಹಿಂದಕ್ಕೆ ಎಳೆಯುತ್ತದೆ; ಬಿಗಿಯಾಗಿ ಕಟ್ಟಿ, ಬೆನ್ನಿಗೆ ಅಂಟುವಂತೆ ಇಡಿ, ಅದರ ಕೆಳಗೆ ಹಳೆ ಬೆಡ್‌ಶೀಟ್ ತುರುಕಿ.